ಕಂಪ್ರೆಷನ್ ಟೆಸ್ಟರ್: ಗೇಜ್‌ಗೆ ಫುಲ್ ಮಾರ್ಕ್ಸ್, ಪೈಪಿನ ತುದಿಗೆ ಅರ್ಧ

ಇಂಜಿನ್ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಅದುಮಲ್ಪಡುತ್ತದೆ (ಕಂಪ್ರೆಷನ್) ಅಂತ ಅಳೆಯುವ, ಸ್ಪಾರ್ಕ್ ಪ್ಲಗ್ ಜಾಗದಲ್ಲಿ ತಿರುಗಿಸಿ ಕೂರಿಸುವ ಈ ಟೆಸ್ಟರ್ ನನ್ನ ಹತ್ತಿರ ಬಂದು ಕೆಲವು ವರ್ಷಗಳಾದವು. ಬಾಕ್ಸ್‌ನಲ್ಲಿ ಏನೇನಿದೆ ಅಂತ ನೀವೇ ನೋಡಿರುತ್ತೀರಿ, ಅದನ್ನು ಬಿಡುತ್ತೇನೆ. ನಾನು ಹೇಳಬೇಕಿರುವುದು ಪೈಪಿನ ತುದಿಯಲ್ಲಿ ಅಡಗಿರುವ, ಒಳಗೆ ಬಂದ ಗಾಳಿ ವಾಪಸ್ ಹೋಗದಂತೆ ಹಿಡಿದಿಡುವ ಪುಟ್ಟ ವಾಲ್ವ್ ಬಗ್ಗೆ. ಇಡೀ ಉಪಕರಣದ ಪ್ರಾಣ ಅಲ್ಲೇ ಇದೆ.

ಮೊದಲು ಖುಷಿಯ ವಿಷಯ. ನನ್ನದು ಹಳೇ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು. ಮಾರುವ ಮನಸ್ಸಿಲ್ಲ, ಹೊಸದಕ್ಕೆ ದುಡ್ಡೂ ಇಲ್ಲ. ಹಾಗಾಗಿ ಪ್ಲಗ್ ಬಿಚ್ಚಿದಾಗಲೆಲ್ಲ ಕಂಪ್ರೆಷನ್ ನೋಡಿ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಇಂಜಿನ್ ಬೆಚ್ಚಗಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಫ್ಯೂಯಲ್ ಪಂಪ್ ಫ್ಯೂಸ್ ಕಿತ್ತು, ಕಾಯಿಲ್ ಕನೆಕ್ಟರ್ ಬಿಚ್ಚಿ, ಪ್ಲಗ್ ಕುಳಿಗಳಿಗೆ ಗಾಳಿ ಹೊಡೆದು ಕಸ ತೆಗೆದ ಮೇಲೆ ನಾಲ್ಕೂ ಪ್ಲಗ್ ಹೊರಗೆ. ಪೈಪನ್ನು ಪ್ಲಗ್ ಕುಳಿಗೆ ಜೋಡಿಸುವ ಅಡಾಪ್ಟರ್ ಕೂರಿಸಲು ಕೈ ಸಾಕು, ಸ್ಪ್ಯಾನರ್ ಬೇಡ. ಗಾಳಿ ಹೊರಗೆ ಹೋಗದಂತೆ ತಡೆಯುವುದು ಓ-ರಿಂಗ್. ಅದಕ್ಕೆ ಒಂದು ಹನಿ ಎಣ್ಣೆ ಸವರಿದರೆ ಮೆತ್ತಗೆ ಕೂತಿದ್ದು ಬೆರಳಿಗೇ ಗೊತ್ತಾಗುತ್ತದೆ.

ಆಮೇಲೆ ಮಗಳು ಸೀಟಿನಲ್ಲಿ ಕೂತು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯುತ್ತಾಳೆ. "ಅಪ್ಪಾ, ಸಾಕಾ?" "ಇನ್ನೊಂಚೂರು ಇರು." ಮೊದಲ ಏಟಿಗೇ ಮುಳ್ಳು ಅರ್ಧ ದಾರಿ ದಾಟುತ್ತದೆ, ಎರಡನೆಯದಕ್ಕೆ ಇನ್ನಷ್ಟು ಮೇಲೆ, ಐದಾರು ಏಟಿಗೆ ಒಂದು ಕಡೆ ನಿಂತುಬಿಡುತ್ತದೆ. ನಿಂತಿದ್ದು ಅಲ್ಲಾಡುವುದಿಲ್ಲ. ಸಮಾಧಾನವಾಗಿ ಓದಿ, ಬರೆದುಕೊಂಡು, ಪಕ್ಕದ ಬಟನ್ ಒತ್ತಿದರೆ ಪುಸ್ ಅಂತ ಸೊನ್ನೆಗೆ ಬರುತ್ತದೆ. ಈ ಕ್ಷಣಕ್ಕೋಸ್ಕರವೇ ನನಗೆ ಈ ಕೆಲಸ ಇಷ್ಟ. ಮೊದಲ ಏಟಿಗೆ ಕಡಿಮೆ ತೋರಿಸಿ ಆಮೇಲೆ ನಿಧಾನಕ್ಕೆ ಏರಿದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ, ಏರದೆ ಅಲ್ಲೇ ಉಳಿದರೆ ಇಂಜಿನ್ನಿನ ವಾಲ್ವ್ ಮೇಲೆ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕೆಳಗಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಇಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್ ಮೇಲೆ. ಪೆಟ್ರೋಲ್ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 120ರಿಂದ 200 ಪಿಎಸ್‌ಐ (ಒತ್ತಡದ ಅಳತೆ) ಒಳಗೆ ಬರುತ್ತದೆ, ಆದರೆ ಆ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೇ ಜಾಸ್ತಿ ಮುಖ್ಯ.

ಬೇಸರ ಶುರುವಾಗಿದ್ದು ಆಮೇಲೆ. ಒಂದು ಸಲ ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕೆಳಗೆ ಬಂದವು. ಕಾರು ಮೊದಲಿನ ಹಾಗೇ ಎಳೆಯುತ್ತಿತ್ತು, ಹೊಗೆ ಇಲ್ಲ, ಆಯಿಲ್ ಕುಡಿಯುತ್ತಿರಲಿಲ್ಲ. ನಾಲ್ಕೂ ಒಟ್ಟಿಗೆ ಹೀಗೆ ಸವೆಯುವುದುಂಟಾ? ಬ್ಯಾಟರಿ ಸರಿ ಇತ್ತು, ಥ್ರಾಟಲ್ ಪೂರ್ತಿ ತೆರೆದಿತ್ತು. ಆದರೆ ಮುಳ್ಳು ನಿಲ್ಲುತ್ತಿರಲಿಲ್ಲ, ಕಣ್ಣೆದುರೇ ಮೆಲ್ಲಗೆ ಜಾರುತ್ತಿತ್ತು. ಪೈಪಿನ ತುದಿಯ ವಾಲ್ವ್ ಬಿಚ್ಚಿ ನೋಡಿದರೆ ರಬ್ಬರ್ ಸವೆದು ಅಂಚಿಗೆ ಕಪ್ಪು ಕಾರ್ಬನ್ ಪುಡಿ ಅಂಟಿಕೊಂಡಿತ್ತು.

ನೋಡಲು ಅದು ಟೈರ್ ವಾಲ್ವ್ ಥರಾನೇ ಇದೆ. ಟೈರಿನದನ್ನೇ ಹಾಕಿದರಾಯ್ತು ಅಂತ ಎಲ್ಲರೂ ಹೇಳುತ್ತಾರೆ. ದಯವಿಟ್ಟು ಹಾಕಬೇಡಿ. ಟೆಸ್ಟರ್ ವಾಲ್ವ್‌ನ ಸ್ಪ್ರಿಂಗ್ ತುಂಬಾ ಮೃದು. ಟೈರಿನದು ಗಟ್ಟಿ, ಅದನ್ನು ತೆರೆಯಲಿಕ್ಕೇ ಒಂದಷ್ಟು ಒತ್ತಡ ಖರ್ಚಾಗಿ ಗೇಜ್ ಕಡಿಮೆ ತೋರಿಸುತ್ತದೆ. ಗೇಜ್ ಪಕ್ಕ ವಾಲ್ವ್ ಇಟ್ಟರೂ ಆಗದು, ಆಗ ಪೈಪಿನೊಳಗಿನ ಜಾಗವೂ ಸಿಲಿಂಡರ್ ಜಾಗಕ್ಕೆ ಸೇರಿ ಅಂಕಿ ಇಳಿಯುತ್ತದೆ. ಅದಕ್ಕೇ ಅದು ತುದಿಯಲ್ಲಿರುವುದು. ಇಷ್ಟು ಮುಖ್ಯವಾದ, ಸವೆದೇ ಸವೆಯುವ ಭಾಗಕ್ಕೆ ಬಾಕ್ಸ್‌ನಲ್ಲಿ ಒಂದು ಸ್ಪೇರ್ ಇಲ್ಲ! ಮಾರಿದವರನ್ನು ಕೇಳಿದರೆ ಇಡೀ ಪೈಪ್ ತಗೊಳ್ಳಿ ಅಂದರು. ಬೆರಳ ತುದಿಯಷ್ಟಿರುವ ವಸ್ತುವಿಗೆ ಪೈಪ್ ಪೂರ್ತಿ ಬದಲಾಯಿಸಬೇಕಾ? ನನಗೆ ನಿಜಕ್ಕೂ ಸಿಟ್ಟು ಬಂತು. ಹುಡುಕಿ ಹುಡುಕಿ ಸರಿಯಾದ ವಾಲ್ವ್ ತರಿಸಿ ಹಾಕಿದೆ, ಅಂಕಿಗಳು ಹಳೇ ಜಾಗಕ್ಕೆ ಬಂದವು.

ಇನ್ನೊಂದು ಕಿರಿಕಿರಿ, ಪೈಪ್ ಬಿಚ್ಚುವಾಗ ಅಡಾಪ್ಟರ್ ಕುಳಿಯೊಳಗೇ ಉಳಿದುಬಿಡುತ್ತದೆ. ಪೈಪಿಗೂ ಅಡಾಪ್ಟರ್‌ಗೂ ಮೊದಲೇ ಸ್ಪ್ಯಾನರ್‌ನಿಂದ ಚೂರು ಬಿಗಿ ಕೊಟ್ಟರೆ ಆ ಗೋಳಿಲ್ಲ. ಡೀಸೆಲ್ ಇಂಜಿನ್‌ಗೆ ಇದನ್ನು ಮುಟ್ಟಿಸಬೇಡಿ, ಗೇಜ್ 300 ಪಿಎಸ್‌ಐವರೆಗೆ ಮಾತ್ರ ಇದೆ, ಡೀಸೆಲ್ ಸುಲಭವಾಗಿ ಅದನ್ನು ದಾಟುತ್ತದೆ.

ಇಷ್ಟಾದರೂ ಇದನ್ನು ನಾನು ಯಾರಿಗೂ ಕೊಡುವುದಿಲ್ಲ. ಈ ಸಲ ಮೂರನೇ ಸಿಲಿಂಡರ್ 140 ತೋರಿಸಿತು, ಉಳಿದವು 170ರ ಆಸುಪಾಸು. ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ, ಏರಲಿಲ್ಲ. ರಿಂಗ್ ಸವೆದಿದ್ದರೆ ಆಯಿಲ್ ಆ ಸಂದು ಮುಚ್ಚಿ ಅಂಕಿ ಏರಿಸುತ್ತಿತ್ತು, ಹಾಗಾದರೆ ರಿಂಗ್ ಅಲ್ಲ. ಮುಳ್ಳು ಜಾರದೆ ನಿಂತಿತ್ತು, ಅಂಕಿಯನ್ನು ನಂಬಬಹುದು. ಮೊದಲು ಟ್ಯಾಪೆಟ್ ಗ್ಯಾಪ್ (ಇಂಜಿನ್ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ನೋಡುತ್ತೇನೆ, ಹೆಡ್ ಬಿಚ್ಚುವ ಮಾತು ಆಮೇಲೆ.