ಗನ್ ಹೆಗಲಿಗಿಟ್ಟು ಶುರು ಮಾಡೋದಾ, ಕೆಳಗಿಟ್ಟಾ?

ಟ್ರ್ಯಾಪ್‌ನಲ್ಲಿ, ಅಂದರೆ ಯಂತ್ರ ಎಸೆಯುವ ಕ್ಲೇಗೆ (ಸಣ್ಣ ಬಿಲ್ಲೆ) ಶಾಟ್‌ಗನ್‌ನಿಂದ ಗುರಿ ಹೊಡೆಯುವ ಆಟದಲ್ಲಿ, ಹೆಚ್ಚಿನವರು ಗನ್ ಹೆಗಲಿಗಿಟ್ಟು, ಕೆನ್ನೆಯನ್ನು ಸ್ಟಾಕ್‌ಗೆ (ಗನ್‌ನ ಹಿಂಭಾಗ) ಒತ್ತಿಕೊಂಡೇ ಕ್ಲೇ ಬಿಡಲು ಕರೆ ಕೊಡುತ್ತಾರೆ. ಕಾರಣ ಇದೆ. ಕ್ಲೇ ನಿಮ್ಮಿಂದ ದೂರ ಓಡುತ್ತಿರುತ್ತದೆ, ತಡ ಮಾಡಿದಷ್ಟೂ ಛರೆಗಳು (ತೋಟೆಯ ಸಣ್ಣ ಗುಂಡುಗಳು) ಚದುರಿ ಕೈ ತಪ್ಪುತ್ತದೆ. ಅಂಕ ಮುಖ್ಯ ಅಂದರೆ ಇದೇ ಸರಿ.

ಆದರೂ ಅಭ್ಯಾಸಕ್ಕೆ ಗನ್ ಹೆಗಲಿಗಿಂತ ಕೆಳಗೆ ಹಿಡಿದು ಶುರು ಮಾಡಿ ನೋಡಿ ಅಂತ ನಾನು ಒತ್ತಿ ಹೇಳುತ್ತೇನೆ. ಬ್ಯಾರಲ್ ಅಡ್ಡ ಬರುವುದಿಲ್ಲ, ಎರಡೂ ಕಣ್ಣಿಗೆ ಕ್ಲೇ ಬೇಗ ಸಿಗುತ್ತದೆ. ಕ್ಲೇ ಎರಡು ಬದಿಯಿಂದ ಅಡ್ಡ ಹಾರುವ ಒಲಿಂಪಿಕ್ ಸ್ಕೀಟ್‌ನಲ್ಲಂತೂ ಇದು ನಿಯಮವೇ: ಕ್ಲೇ ಕಾಣುವವರೆಗೆ ಬಟ್ (ಸ್ಟಾಕ್‌ನ ಹಿಂತುದಿ) ಸೊಂಟದ ಹತ್ತಿರವೇ ಇರಬೇಕು, ಕರೆದ ಮೇಲೆ ಅದು ತಕ್ಷಣ ಬರಬಹುದು, 3 ಸೆಕೆಂಡ್ ತಡವಾಗಿಯೂ ಬರಬಹುದು.

ಕಷ್ಟ ಇರೋದು ಗನ್ ಎತ್ತುವುದರಲ್ಲಿ. ಅವಸರದಲ್ಲಿ ಬಟ್ ಹೆಗಲಿನ ಗುಳಿ ಬಿಟ್ಟು ತೋಳಿನ ಮೇಲೆ ಕೂತರೆ ಒದೆತಕ್ಕೆ ಚರ್ಮ ನೀಲಿಗಟ್ಟುತ್ತದೆ. ತಲೆ ತಗ್ಗಿಸಬೇಡಿ, ಸ್ಟಾಕ್ ಕೆನ್ನೆಗೆ ಬರಲಿ, ಎಡಗೈ ಕ್ಲೇ ಹಿಂದೆಯೇ ಸಾಗಲಿ. ಮೊದಲು ಖಾಲಿ ಗನ್‌ನಲ್ಲಿ, ಅದೂ ಚೇಂಬರ್ (ತೋಟೆ ಕೂರುವ ಜಾಗ) ಎರಡು ಸಲ ನೋಡಿ, ನಿಧಾನವಾಗಿ ಎತ್ತಿ ಅಭ್ಯಾಸ ಮಾಡಿ.

ಸ್ಪೋರ್ಟಿಂಗ್ (ಕ್ಲೇ ಬೇರೆ ಬೇರೆ ದಿಕ್ಕಿನಿಂದ ಬರುವ ಆಟ) ಆಡುವವರಿಗೆ ಕೆಳಗಿಂದ ಎತ್ತೋದು ಜಾಸ್ತಿ ಉಪಯೋಗ. ಬರೀ ಟ್ರ್ಯಾಪ್ ಆಡ್ತೀರಾ, ಪಂದ್ಯ ಹತ್ತಿರ ಇದೆ ಅಂದ್ರೆ, ಸುಮ್ನೆ ಈಗ ಬದಲಾಯಿಸಬೇಡಿ.