ಚಳಿಗಾಲದ ಸೈಕಲ್ ಸವಾರಿ: ಪೊಸಡಿಗುಂಪೆಯೋ, ರಾಣಿಪುರವೋ?

ಡಿಸೆಂಬರ್‌ನಲ್ಲಿ ಏಳೆಂಟು ಜನ ಸೇರಿ ಸುಮ್ನೆ ಖುಷಿಗೆ ಗುಡ್ಡ ಹತ್ತುವುದಾದರೆ ನನ್ನ ಓಟು ಕಾಸರಗೋಡು ಜಿಲ್ಲೆಯ ಪೊಸಡಿಗುಂಪೆ ಗುಡ್ಡಕ್ಕೆ. ಎತ್ತರ ಸಾವಿರ ಅಡಿಯ ಆಸುಪಾಸು, ಹೊಸಬರಿಗೂ ಆಗುತ್ತದೆ. ಸುಸ್ತಾದವರು ಇಳಿದು ತಳ್ಳಿದರೂ ಗುಂಪು ಚದುರುವುದಿಲ್ಲ. ತುದಿಯಿಂದ ಪಡುಗಡಲು ಕಾಣುತ್ತದೆ. ಇಳಿಯುವಾಗ ಮಾತ್ರ ಜಾಗ್ರತೆ. ಮಳೆ ನಿಂತ ಮೇಲೆ ಮುರಕಲ್ಲಿನ (ಕರಾವಳಿಯ ಕೆಂಪು ಕಲ್ಲು) ಹರಳು ಸಡಿಲವಾಗಿ ಚಕ್ರದಡಿ ಉರುಳುತ್ತದೆ. ಒಣಗಿದ ಮುಳಿಹುಲ್ಲು ಹೊಂಡಗಳನ್ನು ಮುಚ್ಚಿರುತ್ತದೆ. ಟಯರಿನ ಗಾಳಿ ಸ್ವಲ್ಪ ಇಳಿಸಿ. ಮುಂದಿನ ಬ್ರೇಕನ್ನು ಗಕ್ಕನೆ ಒತ್ತಬೇಡಿ.

ಅದೇ ಜಿಲ್ಲೆಯ ರಾಣಿಪುರ ಬೆಟ್ಟವೂ ಚಂದ, ಅದರಲ್ಲಿ ಎರಡು ಮಾತಿಲ್ಲ. ಬೆಳಗ್ಗಿನ ಮಂಜು, ಮೇಲೆ ಶೋಲಾ ಕಾಡು, ಅಂದರೆ ಬೆಟ್ಟದ ಮಡಿಲಲ್ಲಿ ಬೆಳೆಯುವ ದಟ್ಟ ಕುಳ್ಳ ಮರಗಳ ಕಾಡು. ಆದರೆ ಏರು ಜಾಸ್ತಿ. ಕಾಡಿನೊಳಗಿನದು ಚಾರಣದ ದಾರಿ, ಅರಣ್ಯ ಇಲಾಖೆಯವರನ್ನು ಕೇಳದೆ ಸೈಕಲ್ ಒಯ್ಯಬೇಡಿ. ಎಲ್ಲರಿಗೂ ಏರು ತುಳಿದು ಅಭ್ಯಾಸವಿದ್ದರೆ ಮಾತ್ರ ಅದನ್ನು ಆರಿಸಿಕೊಳ್ಳಿ.

ಎಲ್ಲಿಗೇ ಆಗಲಿ, ಬೆಳಗ್ಗೆ 6ಕ್ಕೇ ಹೊರಡಿ. ಹತ್ತರ ನಂತರ ಚಳಿಗಾಲದಲ್ಲೂ ಬಿಸಿಲು ಜೋರು.