ಪ್ರಕಾಶಕರನ್ನು ಬಿಟ್ಟು ಸ್ವಂತ ಪ್ರಕಟಣೆ: ಶಿರಸಿ ಮಳೆಯಲ್ಲಿ ಬಳಸಿ ನೋಡಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪುಸ್ತಕವನ್ನು ಅಂಚೆಯಲ್ಲಿ ನೇರವಾಗಿ ಓದುಗರ ಮನೆಗೆ ಕಳಿಸುವ ಉಮೇದು ಇದ್ದವರಿಗೆ ಸ್ವಂತ ಪ್ರಕಟಣೆ ಲಾಭದ ದಾರಿ. ಬೆಂಗಳೂರು, ಧಾರವಾಡದ ಅಂಗಡಿಗಳಲ್ಲಿ ಪುಸ್ತಕ ಕಾಣಬೇಕು ಎನ್ನುವವರಿಗೆ ಈಗಲೂ ಪ್ರಕಾಶಕರೇ ವಾಸಿ.

ಲೆಕ್ಕ ಹೀಗೆ. ಬೆಲೆ 200 ರೂಪಾಯಿ, 160 ಪುಟ, ಡೆಮಿ 1/8 ಆಕಾರ ಎಂದುಕೊಳ್ಳಿ. ಪ್ರಕಾಶಕರು ಕೊಡುವುದು ಶೇ. 10ರ ಗೌರವಧನವಾದರೆ ಪ್ರತಿಗೆ ಬರುವುದು 20 ರೂಪಾಯಿ, ಅದೂ ಎಷ್ಟೋ ಸಲ ನಗದಲ್ಲ, ಪುಸ್ತಕದ ಪ್ರತಿಗಳು. ಸ್ವಂತವಾಗಿ 500 ಪ್ರತಿ ಹಾಕಿಸಿ ಪ್ರತಿಗೆ 70 ರೂಪಾಯಿ ಬಿದ್ದರೆ ಮೊದಲೇ 35,000 ಕೈ ಬಿಡುತ್ತದೆ. ಅಂಗಡಿಗೆ ಶೇ. 35 ಬಿಟ್ಟರೆ ಉಳಿಯುವುದು 130. ಅಂದರೆ 270 ಪ್ರತಿ ಮಾರಾಟವಾಗಿ, ಅದರ ದುಡ್ಡೂ ಬಂದ ಮೇಲೆಯೇ ಅಸಲು. ‘ದುಡ್ಡೂ ಬಂದ ಮೇಲೆ’ ಎಂಬುದನ್ನು ಎರಡು ಸಲ ಓದಿಕೊಳ್ಳಿ. ಅಂಗಡಿಯ ವ್ಯವಹಾರ ಉದ್ರಿ. ಮಾರಾಟವಾಗದೆ ವಾಪಸ್ ಬರುವ ಪ್ರತಿಗಳ ಮೂಲೆ ಮುರಿದಿರುತ್ತದೆ. ನೇರವಾಗಿ ಮಾರಿದರೆ ಅಂಚೆ, ಲಕೋಟೆ ಕಳೆದು 170ರ ಆಸುಪಾಸು ಉಳಿದು, 206 ಪ್ರತಿಗೆ ಅಸಲು ಮುಟ್ಟುತ್ತದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದರೆ ಮುದ್ರಕರ ಬಿಲ್ಲಿನಲ್ಲಿ ಇರುತ್ತದೆ. ದರ ಕೇಳುವಾಗ ತೆರಿಗೆ ಸೇರಿಸಿಯೇ ಕೇಳಿ.

ಇನ್ನು ಹಳೆಯ ಪುಸ್ತಕದ ಹಕ್ಕನ್ನು ಪ್ರಕಾಶಕರಿಂದ ಬಿಡಿಸಿಕೊಳ್ಳುವ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲೇ ಆಗಬೇಕು, ಲೇಖಕರ ಅಥವಾ ಅವರ ಅಧಿಕೃತ ಪ್ರತಿನಿಧಿಯ ಸಹಿ ಬೇಕು. ಕರಾರಿನಲ್ಲಿ ಅವಧಿ ಬರೆದಿರದಿದ್ದರೆ ಅದು ಐದು ವರ್ಷ ಎಂದೇ ಲೆಕ್ಕ. ಬಾಯಿಮಾತಿನ ವ್ಯವಹಾರವೇ ಹೆಚ್ಚಿರುವ ನಮ್ಮಲ್ಲಿ ಹಕ್ಕು ಲೇಖಕರ ಬಳಿಯೇ ಉಳಿದಿರುವ ಸಂಭವ ಜಾಸ್ತಿ. ಆದರೂ ಒಂದು ಪತ್ರ ಬರೆದು ಒಪ್ಪಿಗೆ ಪಡೆಯುವುದು ಕ್ಷೇಮ. ಜೊತೆಗೇ ಉಳಿದ ಪ್ರತಿಗಳನ್ನು ರಿಯಾಯಿತಿಯಲ್ಲಿ ಕೊಂಡುಬಿಡಿ. ಇಲ್ಲದಿದ್ದರೆ 120 ರೂಪಾಯಿಯ ಹಳೆ ಮುದ್ರಣ ನಿಮ್ಮ 200ರ ಹೊಸದರ ಪಕ್ಕದಲ್ಲೇ ಕೂತಿರುತ್ತದೆ. ಮುಖಪುಟದ ಚಿತ್ರ, ಮುನ್ನುಡಿ, ಬೆನ್ನುಡಿ ತಾವಾಗಿ ನಿಮ್ಮವಾಗುವುದಿಲ್ಲ, ಬರೆದವರನ್ನು ಕೇಳಬೇಕು. ಹಳೆಯ ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಕೂಡ ಬಳಸುವಂತಿಲ್ಲ. ಹೊಸದನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲ್‌ನಲ್ಲಿ ಉಚಿತವಾಗಿ ಕೊಡುತ್ತಾರೆ. ಇದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಕಾವ್ಯನಾಮ ಇದ್ದವರು ಅರ್ಜಿಯಲ್ಲಿ ಗುರುತಿನ ಚೀಟಿಯ ಹೆಸರನ್ನೇ ಹಾಕಿ. ಮುದ್ರಿತ ಪುಸ್ತಕಕ್ಕೊಂದು, ಇ-ಪುಸ್ತಕಕ್ಕೊಂದು ಬೇರೆ ಸಂಖ್ಯೆ ಬೇಕು.

ಹೆಚ್ಚು ತಲೆನೋವು ಕೊಡುವುದು ಅಕ್ಷರ. ಊರಿನ ಡಿಟಿಪಿ ಅಂಗಡಿಗಳಲ್ಲಿ ಪುಟ ಕಟ್ಟುವ ಹಳೆ ತಂತ್ರಾಂಶ ಪೇಜ್‌ಮೇಕರ್ ಇನ್ನೂ ಜೀವಂತ, ಅದು ಈಗ ಮೊಬೈಲು, ಕಂಪ್ಯೂಟರುಗಳಲ್ಲಿ ಬಳಸುವ ಯೂನಿಕೋಡ್ ಅಕ್ಷರ ಸಂಕೇತವನ್ನು ಓದುವುದಿಲ್ಲ. ಹಾಗಾಗಿ ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿಕೊಟ್ಟದ್ದನ್ನು ಅವರು ನುಡಿ ಅಥವಾ ಶ್ರೀಲಿಪಿಯ ಹಳೆ ಸಂಕೇತಕ್ಕೆ ತಿರುಗಿಸುತ್ತಾರೆ. ಇ-ಪುಸ್ತಕ ಮಾಡುವಾಗ ಮತ್ತೆ ಯೂನಿಕೋಡಿಗೆ. ಈ ಹೋಗಿಬರುವ ದಾರಿಯಲ್ಲಿ ಅಕ್ಷರಗಳನ್ನು ಕೂಡಿಸುವ, ಬಿಡಿಸುವ ಅಗೋಚರ ಜೋಡಕಗಳು ಉದುರಿಹೋಗುತ್ತವೆ. ‘ಫೇಸ್‌ಬುಕ್’ ಇದ್ದದ್ದು ‘ಫೇಸ್ಬುಕ್’ ಆಗುತ್ತದೆ, ‘ರ‍್ಯಾಂಕ್’ ಇದ್ದದ್ದು ‘ರ್ಯಾಂಕ್’ ಆಗುತ್ತದೆ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವು ಅರ್ಥವಿಲ್ಲದ ಕನ್ನಡ ಅಕ್ಷರಗಳ ರಾಶಿ. ಕರಡು ತಿದ್ದುವವರು ಮೊದಲ ಸುತ್ತಿನಲ್ಲಿ ಇವನ್ನು ಹಿಡಿದರೂ ಕೊನೆಯ ಪರಿವರ್ತನೆಯಲ್ಲಿ ಮತ್ತೆ ಹುಟ್ಟುತ್ತವೆ. ಮೊದಲಿನಿಂದಲೂ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಆಗಿಯೇ ಪುಟ ಕಟ್ಟಿಸಿ. ಪ್ಯಾರಾ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆಯಾಗಿದೆಯೇ ನೋಡಿ, ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ನೋಟೊ ಸೆರಿಫ್ ಕನ್ನಡ, ತಿರೋ ಕನ್ನಡ ಎರಡೂ ಮುಕ್ತ ಪರವಾನಗಿಯವು, ಇ-ಪುಸ್ತಕದೊಳಗೂ ಇಡಬಹುದು. ಕೊನೆಯ ಕರಡನ್ನು ಪರದೆಯ ಮೇಲೆ ಓದದೆ ಕಾಗದದಲ್ಲಿ ತೆಗೆದು ಓದಿ, ಅದೂ ಲೇಖಕರಲ್ಲದ ಬೇರೊಬ್ಬರಿಂದ ಓದಿಸಿ. ಪ್ರಕಾಶಕರ ಮನೆಯಲ್ಲಿ ಬಿಟ್ಟಿ ಸಿಗುತ್ತಿದ್ದ ಸಂಪಾದಕರ ಕಣ್ಣಿಗೆ ಇಲ್ಲಿ ದುಡ್ಡು ತೆರಬೇಕು. ಆ ಖರ್ಚು ಉಳಿಸಲು ಹೋಗಬೇಡಿ.

ಮುದ್ರಣಕ್ಕೆ ಗದಗ ಅಥವಾ ಹುಬ್ಬಳ್ಳಿ ಅನುಕೂಲ. ಗದಗನ್ನು ಮುದ್ರಣ ಕಾಶಿ ಎನ್ನುವುದು ಸುಮ್ಮನೆ ಅಲ್ಲ. ಪುಟಗಳ ಸಂಖ್ಯೆ 16ರ ಫಾರಂಗೆ, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಂತೆಗೆ, ಹೊಂದಬೇಕು. 164 ಪುಟ ಮಾಡಿದರೆ ಆ ನಾಲ್ಕು ಪುಟಕ್ಕೆ ಬೇರೆ ಪ್ಲೇಟು, ಬೇರೆ ಕಾಗದ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಕದ) ಮ್ಯಾಪ್ಲಿಥೋ ಕಾಗದ ಒಳಪುಟಕ್ಕೆ, 300 ಜಿಎಸ್‌ಎಂ ಕಾರ್ಡು ಹೊದಿಕೆಗೆ ಸಾಕು. ಬೆನ್ನಿನ ದಪ್ಪ ಸುಮಾರು 7ರಿಂದ 8 ಮಿ.ಮೀ., ಖಚಿತ ಅಳತೆಯನ್ನು ಮುದ್ರಕರ ಖಾಲಿ ಡಮ್ಮಿಯಿಂದಲೇ ತೆಗೆಯಿರಿ. 200 ಪುಟ ದಾಟಿದರೆ ಅಂಟಿನ ಬೈಂಡಿಂಗ್ ಬೇಡ, ಫಾರಂಗಳನ್ನು ದಾರದಿಂದ ಹೊಲಿಯುವ ಸೆಕ್ಷನ್ ಹೊಲಿಗೆ ಕೇಳಿ.

ಮಳೆಗಾಲದಲ್ಲಿ ಮಾತ್ರ ಅಚ್ಚಿಗೆ ಕೊಡಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಗದ ತೇವ ಕುಡಿದಿರುತ್ತದೆ, ಬಿಸಿ ಅಂಟು ಸರಿಯಾಗಿ ಹಿಡಿಯದೆ ಹಾಳೆ ಉದುರುತ್ತದೆ. ಹೊದಿಕೆಯ ಹೊರಮೈಗೆ ಮಾತ್ರ ಲ್ಯಾಮಿನೇಷನ್ ಇರುವುದರಿಂದ ಒಳಮೈ ತೇವ ಹೀರಿ ಹಿಗ್ಗುತ್ತದೆ, ಹೊರಮೈ ಹಿಗ್ಗದು. ರಟ್ಟು ಹೊರಕ್ಕೆ ಸುರುಳಿ ಬೀಳುತ್ತದೆ. ಕಾಗದದ ನಾರು ಬೆನ್ನಿಗೆ ಸಮಾನಾಂತರ ಇಲ್ಲದಿದ್ದರಂತೂ ಇಡೀ ಪುಸ್ತಕ ಅಲೆಯಾಗುತ್ತದೆ. ಹಾಳೆಯನ್ನು ಹರಿದು ನೋಡಿ: ನೆಟ್ಟಗೆ ಹರಿದ ದಿಕ್ಕೇ ನಾರಿನದು. ಜನವರಿಯಿಂದ ಮಾರ್ಚ್ ಒಳಗೆ ಅಚ್ಚಾಗಿ, ಬೇಸಿಗೆಯಲ್ಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟದ್ದು ಬಾಳುತ್ತದೆ. ಮಳೆಯಲ್ಲಿ ಕಟ್ಟಿದರೆ ಒಳಗೇ ಬೂಷ್ಟು. ಅಡಿಕೆ ದಬ್ಬೆಯ ಮೇಲೆ, ನೆಲದಿಂದ ಅರ್ಧ ಅಡಿ ಎತ್ತರಕ್ಕೆ, ಗೋಡೆಗೆ ತಾಗದಂತೆ ಇಡಿ, ದಬ್ಬೆಗೆ ಒರಲೆ ಹತ್ತದ ಹಾಗೆ ತಿಂಗಳಿಗೊಮ್ಮೆ ನೋಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಹೊಗೆಗೆ ಅಂಚು ಹಳದಿಯಾಗುತ್ತದೆ. ಕಾರವಾರ, ಅಂಕೋಲೆಯ ಕರಾವಳಿಯಲ್ಲಿ ಬೇಸಿಗೆಯೂ ತೇವವೇ. ಅಲ್ಲಿನವರು 500ರ ಬದಲು ಬೇಡಿಕೆ ಬಂದಷ್ಟೇ ಡಿಜಿಟಲ್ ಮುದ್ರಣ ಮಾಡಿಸುವುದು ಒಳ್ಳೆಯದು, ಪ್ರತಿಯ ಖರ್ಚು ಹೆಚ್ಚಾದರೂ ಬೂಷ್ಟಿನ ಖರ್ಚಿಲ್ಲ.

ಅಂಚೆ ವಿಷಯದಲ್ಲಿ ಈಗ ನೆಮ್ಮದಿ. 2024ರ ಡಿಸೆಂಬರ್‌ನಲ್ಲಿ ಪುಸ್ತಕಗಳ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ ಸಣ್ಣ ಪ್ರಕಾಶಕರೆಲ್ಲ ಕೈಚೆಲ್ಲಿದ್ದರು. 2025ರ ಮೇ 1ರಿಂದ ಪುಸ್ತಕಗಳಿಗೆ ಜ್ಞಾನ ಪೋಸ್ಟ್ ಎಂಬ ಅಂಚೆ ಸೇವೆ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100, ತೆರಿಗೆ ಬೇರೆ. ಮೇಲಿನ ಅಳತೆಯ ಪುಸ್ತಕದ ತೂಕ 190 ಗ್ರಾಂ ಆಸುಪಾಸು, ಲಕೋಟೆ ಸೇರಿ 20 ರೂಪಾಯಿಯಲ್ಲೇ ಮುಗಿಯುತ್ತದೆ. 240 ಪುಟವಾದರೆ 300 ದಾಟುವ ಭಯ. ಒಟ್ಟಿಗೆ ಕಳಿಸುವಾಗ 25ರ ಕಟ್ಟು ರಟ್ಟಿನ ಪೆಟ್ಟಿಗೆ ಸೇರಿ 5 ಕೆ.ಜಿ. ಮೀರುತ್ತದೆ, 24 ಹಾಕಿ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಲಿ, ಜಾಹೀರಾತು ಚೀಟಿ ತುರುಕಬೇಡಿ. ಇದು ನೆಲದ ಮೇಲೇ ಸಾಗುವ ಸೇವೆ, ಅವಸರದವರಿಗಲ್ಲ.

ಇ-ಪುಸ್ತಕವನ್ನು ಗೂಗಲ್ ಪ್ಲೇ ಬುಕ್ಸ್‌ಗೆ ಹಾಕಬಹುದು; ಮುಂಬಯಿಯಲ್ಲಿರುವ ನಮ್ಮ ಜಿಲ್ಲೆಯವರಿಗೆ ಅದು ಅನುಕೂಲ. ಊರಲ್ಲಿ ಮಾರಲು ಮಾರಿಕಾಂಬಾ ಜಾತ್ರೆಯ ಮಳಿಗೆಗಿಂತ ತಾಳಮದ್ದಳೆಯ ಸಂಜೆ ಮೇಲು, ಅಲ್ಲಿ ಬರುವವರು ಓದುವವರು.

ಒಂದು ಕೆಲಸ ಎಲ್ಲರೂ ಮರೆಯುತ್ತಾರೆ. ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಸ್ವಂತ ಖರ್ಚಿನಲ್ಲಿ ಕಳಿಸಬೇಕು. ಮೊದಲು ಅದು ಪ್ರಕಾಶಕರ ಕೆಲಸವಾಗಿತ್ತು. ಈಗ ಪ್ರಕಾಶಕರು ನೀವೇ, ನಾಲ್ಕು ಪ್ರತಿ ಮೊದಲೇ ಪಕ್ಕಕ್ಕೆ ಎತ್ತಿಡಿ.